ತೂಕದ ಯಂತ್ರ ಹೇಳದೇ ಉಳಿದದ್ದು

ನನ್ನ ತೂಕ 84 ಕೆ.ಜಿ., ಎತ್ತರ 156 ಸೆಂಟಿಮೀಟರ್. ನನಗಿಂತ ನಾಲ್ಕು ವರ್ಷ ಚಿಕ್ಕವನಾದ ತಮ್ಮ 58 ಕೆ.ಜಿ. ಮದುವೆಮನೆಗಳಲ್ಲಿ ಬಂಧುಗಳು ಅವನ ಎಲೆಗೆ ಒತ್ತಾಯದಿಂದ ಇನ್ನೊಂದು ಹೋಳಿಗೆ ಬಡಿಸಿ, ನನ್ನ ಎಲೆಯನ್ನು ದಾಟಿ ಹೋಗುತ್ತಾರೆ. ಆದರೆ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವವನು ಅವನು, 38ನೆಯ ವಯಸ್ಸಿನಿಂದ.

ಹತ್ತು ವರ್ಷಗಳಿಂದ ನಾನು ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ಮೂರು ವರ್ಷಗಳ ಹಿಂದೆ ಒಂದು ದಿನ ನಂದಿಯವರೆಗೂ ಹೋಗಲಾಗಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಕಣ್ಣು ಕತ್ತಲಿಟ್ಟಿತು. ವೈದ್ಯರೊಬ್ಬರ ಬಳಿ ಹೋದೆ. ತೂಕದ ಯಂತ್ರದ ಮೇಲೆ ನಿಲ್ಲಿಸಿ, ‘ಮೊದಲು ಹದಿನೈದು ಕೆ.ಜಿ. ಇಳಿಸಿ, ಆಮೇಲೆ ನೋಡೋಣ’ ಎಂದರು. ನಾಡಿ ಕೂಡ ಹಿಡಿಯಲಿಲ್ಲ. ನಾಲ್ಕು ತಿಂಗಳು ರಾತ್ರಿಯೂಟ ಬಿಟ್ಟೆ, ಇನ್ನಷ್ಟು ಸೋತೆ. ಕೊನೆಗೆ ಬೇರೊಬ್ಬ ವೈದ್ಯೆ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ರಕ್ತಪರೀಕ್ಷೆಗೆ ಕಳಿಸಿದರು. ಹಿಮೋಗ್ಲೋಬಿನ್ ಬರೀ 7.4, ರಕ್ತಹೀನತೆ. ಗರ್ಭಕೋಶದಲ್ಲಿದ್ದ ಗಡ್ಡೆಯಿಂದ ತಿಂಗಳು ತಿಂಗಳೂ ರಕ್ತ ಹೋಗುತ್ತಿತ್ತು. ಅದಕ್ಕೆ ಚಿಕಿತ್ಸೆಯಾದ ಮೇಲೆ, ಹೆಚ್ಚುಕಡಿಮೆ ಅದೇ ತೂಕದಲ್ಲಿ ಮತ್ತೆ ಬೆಟ್ಟ ಹತ್ತಿದೆ. ಆ ನಾಲ್ಕು ತಿಂಗಳ ಸಿಟ್ಟು ನನಗಿನ್ನೂ ಆರಿಲ್ಲ.

ಆ ಸಿಟ್ಟಿನಲ್ಲೇ ಬಿಎಂಐ ಬಗ್ಗೆ ಓದತೊಡಗಿದೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕವನ್ನು 1830ರ ದಶಕದಲ್ಲಿ ಕೊಟ್ಟವನು ಬೆಲ್ಜಿಯಂನ ಗಣಿತಜ್ಞ ಕೆಟಲೆ. ಅವನು ಹುಡುಕುತ್ತಿದ್ದುದು ‘ಸರಾಸರಿ ಮನುಷ್ಯ’ನನ್ನು, ರೋಗಿಯನ್ನಲ್ಲ. ಅದರ ಪ್ರಕಾರ ನನ್ನದು 34.5, ಭಾರತೀಯರಿಗೆ 25 ದಾಟಿದರೇ ಬೊಜ್ಜು. ತಮ್ಮನದು 20.5, ಹೆಸರಿಡುವಂತಿಲ್ಲ.

ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದ್ದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಚರ್ಮದಡಿಯ ಕೊಬ್ಬಿಗಿಂತ ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಕೂರುವ ಕೊಬ್ಬು ಹೆಚ್ಚು ಕೇಡು. ಅದು ಸಣಕಲು ಮೈಯಲ್ಲೂ ಅಡಗಿರಬಲ್ಲದು. ಆ ಚಿತ್ರವನ್ನು ತಮ್ಮನಿಗೆ ತೋರಿಸಿದೆ. ‘ಅಕ್ಕ, ಇದನ್ನು ನನಗೆ ಮೊದಲೇ ಯಾರಾದರೂ ಹೇಳಬೇಕಿತ್ತು’ ಎಂದ.

ಇಷ್ಟಕ್ಕೇ ನಿಲ್ಲಿಸಿದರೆ ನನಗೆ ಹಿತವಾದದ್ದನ್ನಷ್ಟೇ ಹೇಳಿದಂತಾಗುತ್ತದೆ. ಬ್ರಿಟನ್ನಿನಲ್ಲಿ 35 ಲಕ್ಷ ಜನರ ದಾಖಲೆಗಳನ್ನು ನೋಡಿದ ಅಧ್ಯಯನವೊಂದು 2017ರಲ್ಲಿ ಹೊರಬಂತು. ಬೊಜ್ಜಿದ್ದೂ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ತೊಂದರೆ ಇಲ್ಲದವರಿಗೆ, ಅಷ್ಟೇ ಆರೋಗ್ಯವಾಗಿರುವ ಸಾಧಾರಣ ತೂಕದವರಿಗಿಂತ ಹೃದಯದ ರಕ್ತನಾಳದ ಕಾಯಿಲೆ ಬರುವ ಸಾಧ್ಯತೆ ಸುಮಾರು ಅರ್ಧದಷ್ಟು ಹೆಚ್ಚಿತ್ತು. ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಟೇಪು ಹಿಡಿದು ಸೊಂಟ ಅಳೆದುಕೊಂಡೆ: 98 ಸೆಂಟಿಮೀಟರ್. ನಮ್ಮ ಹೆಂಗಸರಿಗೆ ಹೇಳುವ ಮಿತಿ 80. ಎರಡು–ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ. ವರ್ಷಗಳಿಂದ 5.4ರ ಆಸುಪಾಸಿನಲ್ಲಿದ್ದ ನನ್ನದು ಈ ಏಪ್ರಿಲ್‌ನಲ್ಲಿ 5.8 ಆಗಿದೆ. ಮಧುಮೇಹದ ಹೊಸ್ತಿಲು ಶುರುವಾಗುವುದು 5.7ಕ್ಕೆ.

2025ರ ಜನವರಿಯಲ್ಲಿ ತಜ್ಞರ ಆಯೋಗವೊಂದು ಬೊಜ್ಜನ್ನು ಎರಡಾಗಿ ನೋಡಬೇಕೆಂದು ಸೂಚಿಸಿತು: ಅಂಗಾಂಗಗಳ ಕೆಲಸ ಈಗಾಗಲೇ ಕೆಟ್ಟಿರುವುದು ಒಂದು, ಇನ್ನೂ ಕೆಡದಿದ್ದರೂ ಅಪಾಯವಿರುವುದು ಇನ್ನೊಂದು. ನಾನು ಎರಡನೆಯದರಲ್ಲಿ ಇದ್ದೇನೆಂದು ತಿಳಿದುಕೊಂಡಿದ್ದೇನೆ. ಯಾರಾದರೂ ಕೇಳಿದರೆ ‘ಇವತ್ತಿಗೆ ಆರೋಗ್ಯವಾಗಿದ್ದೇನೆ’ ಎನ್ನುತ್ತೇನೆ. ‘ಇವತ್ತಿಗೆ’ ಎಂಬ ಮಾತನ್ನು ಈಗ ಬಿಡುವುದಿಲ್ಲ.

ರಾತ್ರಿಯ ಅನ್ನ ಅರ್ಧವಾಗಿದೆ, ಊಟವಾದ ಮೇಲೆ ಅರ್ಧ ಗಂಟೆ ನಡೆಯುತ್ತೇನೆ. ಕಳೆದ ಭಾನುವಾರ ತಮ್ಮನೂ ಬೆಟ್ಟಕ್ಕೆ ಬಂದಿದ್ದ. ಮುನ್ನೂರು ಮೆಟ್ಟಿಲಿಗೇ ಏದುಸಿರು ಬಿಟ್ಟು ಕುಳಿತ. ಅವನ ಚೀಲವನ್ನು ನನ್ನ ಹೆಗಲಿಗೆ ಹಾಕಿಕೊಂಡು ಕಾದೆ. ಆಗಸ್ಟ್‌ನಲ್ಲಿ ಇಬ್ಬರೂ ಒಂದೇ ದಿನ ಪರೀಕ್ಷೆಗೆ ರಕ್ತ ಕೊಡುವುದೆಂದು ಅಲ್ಲೇ ಮಾತಾಯಿತು.