ಫೋಟೋದಲ್ಲಿ ಕಾಣದ ಕೆಲಸ

ಮಾಲೀಕರು ಬಿಟ್ಟುಹೋದ ನಾಯಿ, ಬೆಕ್ಕುಗಳ ಶೆಲ್ಟರ್ ಒಂದಕ್ಕೆ ನಾನು ಭಾನುವಾರ ಹೋಗುತ್ತೇನೆ. ಅಲ್ಲಿ ಮೊದಲು ಕೈಗೆ ಬರುವುದು ಪೊರಕೆ, ಬಕೆಟ್ಟು. ಮುದ್ದು ಮಾಡುವುದೆಲ್ಲ ಆಮೇಲೆ.

ತೊಳೆಯುವುದೇ ಅಷ್ಟು ದೊಡ್ಡ ಕೆಲಸ ಯಾಕೆ ಅಂದರೆ, ಪಾರ್ವೊ. 1978ರ ಹೊತ್ತಿಗೆ ಪತ್ತೆಯಾದ ಈ ವೈರಸ್ ನಾಯಿಮರಿಗಳ ಕರುಳನ್ನೇ ಹಾಳು ಮಾಡುತ್ತದೆ. ವಾಂತಿ, ರಕ್ತಭೇದಿ ಶುರುವಾದ ಮರಿಗೆ ಬೇಗ ಚಿಕಿತ್ಸೆ ಸಿಗದಿದ್ದರೆ ಉಳಿಯುವುದು ಕಷ್ಟ. ನೆಲದಲ್ಲಿ ತಿಂಗಳುಗಟ್ಟಲೆ ಇರುತ್ತದೆ, ನಮ್ಮ ಚಪ್ಪಲಿಗೆ ಅಂಟಿಕೊಂಡು ಗೂಡಿನಿಂದ ಗೂಡಿಗೆ ಹೋಗುತ್ತದೆ. ಬರೀ ಸೋಪಿಗೆ ಸಾಯಲ್ಲ, ಬ್ಲೀಚ್ ಬೇಕು. ಲಸಿಕೆಯೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. 6ರಿಂದ 8 ವಾರದ ಮರಿಗೆ ಶುರು ಮಾಡಿದರೆ, 16 ವಾರ ತುಂಬುವವರೆಗೂ ಕೆಲವು ವಾರಕ್ಕೊಮ್ಮೆ ಕೊಡುತ್ತಲೇ ಇರಬೇಕು.

ಗಾಯಗೊಂಡ ನಾಯಿಯ ಫೋಟೋ ಹಾಕಿದ ದಿನ ದುಡ್ಡು ಬರುತ್ತದೆ. ಬರಲಿ, ಆ ನಾಯಿಗೂ ಬೇಕು. ಆದರೆ ಬ್ಲೀಚ್‌ಗೆ, ಲಸಿಕೆಗೆ, ಕೆಲಸದವರ ಸಂಬಳಕ್ಕೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ ಅಲ್ವಾ? ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಕೊಡುವುದು ಚಿಕ್ಕ ಮೊತ್ತವಾದರೂ ತಿಂಗಳು ತಿಂಗಳು ಕೊಡಿ. ಮುಂದಿನ ತಿಂಗಳು ಇಷ್ಟು ಬರುತ್ತದೆ ಅಂತ ಗೊತ್ತಿದ್ದರೆ ಇನ್ನೊಂದು ಮರಿಯನ್ನು ಧೈರ್ಯವಾಗಿ ಒಳಗೆ ಕರೆದುಕೊಳ್ಳಬಹುದು.

ದುಡ್ಡು ಆಗಲ್ಲ ಅನ್ನುವವರು ಮನೆಯಲ್ಲಿ ಸ್ವಲ್ಪ ದಿನ ಜಾಗ ಕೊಡಬಹುದು. ಫಾಸ್ಟರಿಂಗ್ ಅನ್ನುತ್ತಾರಲ್ಲ, ಅದು. ತಾಯಿಯಿಲ್ಲದ ಬೆಕ್ಕಿನಮರಿಗಳಿಗಂತೂ ಇದು ಜೀವದ ಪ್ರಶ್ನೆ. ಹುಟ್ಟಿದಾಗ ಅವು ಸುಮಾರು 100 ಗ್ರಾಂ ಇರುತ್ತವೆ, ಅಂಗೈಯಲ್ಲಿ ಹಿಡಿಸುತ್ತವೆ. ಮೊದಲು ಮೈ ಬೆಚ್ಚಗಾಗಬೇಕು, ಆಮೇಲೆ ಹಾಲು. ತಣ್ಣಗಿರುವ ಮರಿಗೆ ಕುಡಿದದ್ದು ಅರಗುವುದಿಲ್ಲ. ಹಸುವಿನ ಹಾಲು ಬೇಡ, ಭೇದಿಯಾಗುತ್ತದೆ. ಬೆಕ್ಕಿನಮರಿಗೆಂದೇ ಸಿಗುವ ಹಾಲಿನ ಪುಡಿ ಕದಡಿ, ಹೊಟ್ಟೆ ಕೆಳಗೆ ಮಾಡಿ ಮಲಗಿಸಿಯೇ ಕುಡಿಸಬೇಕು. ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗಬಹುದು. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಬೇಕು, ಇಲ್ಲದಿದ್ದರೆ ಅವಕ್ಕೆ ಮೂತ್ರ ಮಾಡಲೂ ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು. ಮೊದಲ ವಾರಗಳಲ್ಲಿ ಇದೆಲ್ಲ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಹತ್ತಾರು ಪ್ರಾಣಿ ನೋಡಿಕೊಳ್ಳುವ ಒಬ್ಬ ರಾತ್ರಿ ಪಾಳಿಯವರಿಂದ ಇದು ಆಗುವ ಮಾತೇ? ಬೆಳಿಗ್ಗೆ ತಕ್ಕಡಿಯಲ್ಲಿಟ್ಟಾಗ ಮುಳ್ಳು ಹತ್ತು ಗ್ರಾಂ ಮೇಲೆ ಹೋಗಿದ್ದರೆ ಆಗುವ ಖುಷಿ, ನಿದ್ದೆಗೆಟ್ಟಿದ್ದನ್ನು ಮರೆಸುತ್ತದೆ.

ದೊಡ್ಡ ಬೆಕ್ಕುಗಳಿಗೆ ಬೇಕಾದದ್ದು ಇನ್ನೂ ಕಡಿಮೆ: ಒಂದು ರಟ್ಟಿನ ಡಬ್ಬ. ನೆದರ್ಲ್ಯಾಂಡ್ಸ್‌ನ ಶೆಲ್ಟರ್ ಒಂದರಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಡಗಲು ಡಬ್ಬ ಸಿಕ್ಕ ಹೊಸ ಬೆಕ್ಕುಗಳು ಡಬ್ಬ ಇಲ್ಲದವಕ್ಕಿಂತ ಬೇಗ ಹೊಂದಿಕೊಂಡವು. ನಮ್ಮಲ್ಲೂ ಹಾಗೇ. ಮೂಲೆಯಲ್ಲಿ ಮುದುಡಿ ಕೂತದ್ದು ಡಬ್ಬದೊಳಗೆ ನುಗ್ಗುತ್ತದೆ, ಸ್ವಲ್ಪ ಹೊತ್ತಿಗೆ ಮೂತಿ ಹೊರಗೆ ಬರುತ್ತದೆ.

ಇನ್ನು ದತ್ತು. ಬರುವವರೆಲ್ಲ ಮರಿಯೇ ಬೇಕು ಅನ್ನುತ್ತಾರೆ. ಮೂತಿ ಬೆಳ್ಳಗಾದ ನಾಯಿಗಳನ್ನು ಸುಮ್ನೆ ಒಮ್ಮೆ ವಾಕಿಂಗ್ ಕರೆದುಕೊಂಡು ಹೋಗಿ ನೋಡಿ ಅಂತ ನಾನು ಬೇಡಿಕೊಳ್ಳುತ್ತೇನೆ. ಅವುಗಳ ಸ್ವಭಾವ ಆಗಲೇ ಗೊತ್ತಿರುತ್ತದೆ, ಚಪ್ಪಲಿ ಕಡಿಯುವ ವಯಸ್ಸೂ ದಾಟಿರುತ್ತದೆ.

ಏನಾದರೂ ಕೊಡಬೇಕು ಅನಿಸಿದರೆ, ನಿಮ್ಮ ಹತ್ತಿರದ ಶೆಲ್ಟರ್‌ಗೆ ಮೊದಲು ಫೋನ್ ಮಾಡಿ ಏನು ಬೇಕು ಅಂತ ಕೇಳಿ. ಹಳೇ ಟವೆಲ್, ಬೆಡ್‌ಶೀಟ್ ಬೇಡ ಅನ್ನುವವರು ಕಡಿಮೆ.