ಮೀಟರ್‌ನಲ್ಲಿ 100, ಸ್ಕ್ರೀನ್‌ನಲ್ಲಿ ಸೊನ್ನೆ

ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಿಂದ ಫೋನ್ ಬಂದಾಗ ನಾನು ಬಾಗಲಕೋಟೆ ನವನಗರದ ಮನೆಯಲ್ಲಿ ಊಟಕ್ಕೆ ಕೂತಿದ್ದೆ. "ಸರ್ರ, ರಸದ ಲೈನಿಗೆ ಹೊಸಾ ಫ್ಲೋ ಮೀಟರ್ ಹಾಕ್ಯಾರ್ರಿ, ಸ್ಕಾಡಾದಾಗ ಬರವಲ್ದು." ಫ್ಲೋ ಮೀಟರ್ ರಸದ ಹರಿವು ಅಳೆಯುತ್ತೆ, ಆ ಅಂಕಿಯನ್ನು ಸ್ಕಾಡಾ ಅನ್ನೋ ಕಂಪ್ಯೂಟರ್ ವ್ಯವಸ್ಥೆ ಸ್ಕ್ರೀನ್‌ನಲ್ಲಿ ತೋರಿಸಬೇಕು. ಹಂಗಾಮು ಶುರುವಾದರೆ ನಮ್ಮ ಕಡೆ ಇದು ಮಾಮೂಲು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹಿಂದೆ ಹೋಗಿ ಮುಟ್ಟುವಷ್ಟರಲ್ಲಿ ರಾತ್ರಿ ಹತ್ತಾಗಿತ್ತು.

"ಬರವಲ್ದು" ಅಂದರೆ ಮೂರು ಅರ್ಥ ಇರುತ್ತೆ. ಮೀಟರ್ ಉತ್ತರವನ್ನೇ ಕೊಡ್ತಿಲ್ಲ, ಅಥವಾ "ಆ ವಿಳಾಸ ನನ್ನಲ್ಲಿಲ್ಲ" ಅಂತ ಎಕ್ಸೆಪ್ಶನ್ 02 ಅನ್ನೋ ತಪ್ಪಿನ ಸಂದೇಶ ಕಳಿಸ್ತಿದೆ, ಅಥವಾ ಉತ್ತರ ಬಂದಿದೆ, ನಾವೇ ತಪ್ಪಾಗಿ ಓದ್ತಿದ್ದೇವೆ. ಮೊದಲನೆಯದಾದರೆ ವೈರು, ಬಾಡ್ ರೇಟು (ಮಾತಿನ ವೇಗ), ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್), ಸ್ಲೇವ್ ನಂಬರು (ಲೈನಿನಲ್ಲಿ ಆ ಮೀಟರಿನ ಗುರುತು) ನೋಡಬೇಕು. ಉಳಿದೆರಡಕ್ಕೆ ವೈರು ಮುಟ್ಟೋದೇ ಬೇಡ, ಯಾಕಂದ್ರೆ ಉತ್ತರ ಬಂತು ಅಂದ ಮೇಲೆ ವೈರು ಮಾತಾಡ್ತಿದೆ ಅಂತಲೇ ಅಲ್ವಾ? ಆದರೂ ಎಲ್ಲರೂ ಮೊದಲು ಸ್ಕ್ರೂಡ್ರೈವರ್ ಹಿಡೀತಾರೆ.

ಇಲ್ಲಿ ಇದ್ದದ್ದು ಮಾಡ್‌ಬಸ್ ಆರ್‌ಟಿಯು, ಅಂದರೆ ಮೀಟರು ಮತ್ತು ಕಂಪ್ಯೂಟರ್ ತಂತಿಯ ಮೇಲೆ ಮಾತಾಡುವ ಒಂದು ಭಾಷೆ. 1979ರಲ್ಲಿ ಮೋಡಿಕಾನ್ ಕಂಪನಿ ತನ್ನ ಪಿಎಲ್‌ಸಿಗಳಿಗೆ (ಯಂತ್ರ ನಡೆಸುವ ಕಂಪ್ಯೂಟರುಗಳಿಗೆ) ಅಂತ ಮಾಡಿದ್ದು, ಇವತ್ತಿಗೂ ಸಾಯಲಿಲ್ಲ. ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಕನ್ವರ್ಟರ್ ಹಾಕಿ ನೋಡಿದೆ, ಉತ್ತರ ಬರ್ತಿತ್ತು, ಸಿಆರ್‌ಸಿನೂ (ಉತ್ತರ ದಾರಿಯಲ್ಲಿ ಕೆಟ್ಟಿದೆಯಾ ಅಂತ ತಾಳೆ ನೋಡುವ ಸಂಖ್ಯೆ) ಸರಿ ಇತ್ತು. ಆದರೆ ಸ್ಕಾಡಾದಲ್ಲಿ ಹುಚ್ಚುಚ್ಚು ನಂಬರು.

ಮೀಟರಿನ ಮೆನುವಿನಲ್ಲಿ ಸಿಮ್ಯುಲೇಶನ್ ಇತ್ತು, ಅಂದರೆ ನಾವು ಹೇಳಿದ ಅಂಕಿಯನ್ನೇ ಕಳಿಸುವ ವ್ಯವಸ್ಥೆ. ಸರಿಯಾಗಿ 100 ತೋರಿಸುವಂತೆ ಮಾಡಿದೆ. ಸ್ಕ್ರೀನ್‌ನಲ್ಲಿ ಸೊನ್ನೆ! ಕಚ್ಚಾ ರಿಜಿಸ್ಟರ್ (ಮೀಟರ್ ಅಂಕಿ ಇಡುವ ಖಾನೆ) ತೆಗೆದು ನೋಡಿದರೆ ಮೊದಲನೆಯದರಲ್ಲಿ 0, ಎರಡನೆಯದರಲ್ಲಿ 17096. ಅಲ್ಲಿಗೆ ಗೊತ್ತಾಯ್ತು. ಮಾಡ್‌ಬಸ್‌ನ ಒಂದು ರಿಜಿಸ್ಟರ್ 16 ಬಿಟ್, ಫ್ಲೋಟ್‌ಗೆ (ದಶಾಂಶ ಸಂಖ್ಯೆಗೆ) 32 ಬೇಕು, ಹಾಗಾಗಿ ಎರಡು ರಿಜಿಸ್ಟರ್ ಸೇರಿಸಬೇಕು. ಫ್ಲೋಟ್ ರೂಪದಲ್ಲಿ 100 ಅಂದರೆ ಮೇಲಿನ ಅರ್ಧ 17096, ಕೆಳಗಿನ ಅರ್ಧ 0. ಯಾವ ಅರ್ಧ ಮೊದಲು ಅನ್ನೋದನ್ನ ಮಾಡ್‌ಬಸ್ ಹೇಳೋದೇ ಇಲ್ಲ, ಕಂಪನಿಗೊಂದು ಪದ್ಧತಿ. ಈ ಮೀಟರು ಕೆಳಗಿನ ಅರ್ಧವನ್ನು ಮೊದಲು ಕಳಿಸ್ತಿತ್ತು. ಸ್ಕಾಡಾದಲ್ಲಿ ವರ್ಡ್ ಸ್ವಾಪ್ (ಎರಡು ಅರ್ಧಗಳನ್ನು ಅದಲುಬದಲು ಮಾಡೋದು) ಟಿಕ್ ಹಾಕಿದೆ, 100.00 ಬಂತು. (ಇನ್ನೊಂದು ಹಳೇ ಕಾಟವೂ ಇದೆ: ಕೈಪಿಡಿಯಲ್ಲಿ ರಿಜಿಸ್ಟರ್ ನಂಬರು 40011 ಅಂತಿದ್ದರೆ ತಂತಿಯ ಮೇಲೆ ಹೋಗೋ ವಿಳಾಸ 10. ಒಂದು ಆಚೀಚೆ ಆದ್ರೂ ಇಂಥದೇ ಗೊಬ್ಬರ ಬರುತ್ತೆ.)

ಹೊರಡೋಣ ಅಂತ ಬ್ಯಾಗ್ ಹಾಕ್ಕೊಂಡೆ, ಆಗ ಬಸ್ಸಿನ (ಎಲ್ಲ ಮೀಟರುಗಳನ್ನು ಜೋಡಿಸಿದ ಒಂದೇ ತಂತಿಯ) ಮೇಲಿದ್ದ ಎಲ್ಲ ಮೀಟರೂ ಸ್ಕ್ರೀನ್‌ನಲ್ಲಿ ಒಂದೊಂದಾಗಿ ಕೆಂಪಾದವು. ಶಿಫ್ಟಿನ ಆಪರೇಟರ್ ನಕ್ಕ. "ಬಾಯ್ಲರ್ ಫ್ಯಾನ್ ಜೋರ್ ಆದಾಗಷ್ಟ ಹಿಂಗ ಆಕ್ಕೈತ್ರಿ. ನಾ ಹೇಳಿದ್ರ ಯಾರೂ ಕೇಳವಲ್ರು." ನನಗೂ ಅವನು ಹೇಳಿದ್ದು ಈಗಲೇ. ಮೊದಲೇ ನಾನು ಕೇಳಬೇಕಿತ್ತು.

ಅದಕ್ಕೆ ಹಿಂದೆ ಬಂದವರು ಮಾಡಿದ್ದ ಮದ್ದು ಏನು ಗೊತ್ತಾ? ಟೈಮ್‌ಔಟನ್ನು (ಉತ್ತರಕ್ಕೆ ಕಾಯುವ ಹೊತ್ತನ್ನು) 3 ಸೆಕೆಂಡ್‌ಗೆ ಏರಿಸಿ, ಮೂರು ಸಲ ಮರುಪ್ರಯತ್ನ ಹಾಕಿ ಹೋಗಿದ್ದರು. ಒಂದು ಮೀಟರ್ ಸುಮ್ನಾದರೆ ನಾಲ್ಕು ಸಲ ಕೇಳಿ ಕೇಳಿ 12 ಸೆಕೆಂಡ್ ಹೋಗುತ್ತೆ, ಅಷ್ಟೂ ಹೊತ್ತು ಉಳಿದವರು ಸಾಲಿನಲ್ಲಿ ಕಾಯಬೇಕು. ಕೆಟ್ಟ ಉತ್ತರ ತಡವಾಗಿ ಬರಲ್ಲ, ಕೆಟ್ಟೇ ಬರುತ್ತೆ. ಕಾದು ಏನು ಉಪಯೋಗ?

ಸ್ವಲ್ಪ ಹೊತ್ತು ಬಸ್ಸಿನ ಪವರ್ ತೆಗೆಸಿ ಎ, ಬಿ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದೆ. ಈ ಬಸ್ಸು ಆರ್‌ಎಸ್-485 ಅನ್ನೋ ಬಗೆಯ ಲೈನು; ಅದರ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಇದ್ದರೆ 60ರ ಆಸುಪಾಸು ತೋರಿಸಬೇಕು. 40 ತೋರಿಸ್ತು. ಅಂದರೆ ಎಲ್ಲೋ ಮೂರನೇ ರೆಸಿಸ್ಟರ್ ಕೂತಿದೆ. ಹುಡುಕಿದರೆ ಹೊಸ ಫ್ಲೋ ಮೀಟರಿನಲ್ಲೇ! ಅದು ಲೈನಿನ ನಡುವೆ ಇದ್ದರೂ ಹಾಕಿದವರು ಅದರ ಡಿಪ್ ಸ್ವಿಚ್ (ಒಳಗಿನ ರೆಸಿಸ್ಟರನ್ನು ಲೈನಿಗೆ ಸೇರಿಸುವ ಪುಟ್ಟ ಸ್ವಿಚ್) ಆನ್ ಮಾಡಿ ಹೋಗಿದ್ದರು. ಮೊದಲೇ ಸಿಗ್ನಲ್ ಸೊರಗಿತ್ತು, ಅದರ ಮೇಲೆ ಫ್ಯಾನಿನ ಡ್ರೈವಿನಿಂದ (ಮೋಟರಿನ ವೇಗ ಬದಲಿಸುವ ಸಾಧನದಿಂದ) ಮೋಟರಿಗೆ ಹೋಗುವ ಕೇಬಲ್ಲೂ ಈ ತಂತಿಯೂ ಒಂದೇ ಟ್ರೇಯಲ್ಲಿ ಅಪ್ಪಿಕೊಂಡು ಮಲಗಿದ್ದವು, ಅದರ ವಿದ್ಯುತ್ ಗದ್ದಲ ಇದಕ್ಕೆ ಅಂಟುತ್ತಿತ್ತು. ತಂತಿಯ ಸುತ್ತಲಿನ ಲೋಹದ ಹೊದಿಕೆ, ಅಂದರೆ ಶೀಲ್ಡ್, ಎರಡೂ ಕಡೆ ಅರ್ಥಿಂಗಿಗೆ ಸೇರಿತ್ತು ಬೇರೆ.

ಸ್ವಿಚ್ ಆಫ್ ಮಾಡಿದೆ, 60 ಬಂತು. ಶೀಲ್ಡನ್ನು ಪ್ಯಾನಲ್ ಕಡೆ ಮಾತ್ರ ಉಳಿಸಿದೆ. ಟೈಮ್‌ಔಟ್ ಮತ್ತೆ ಅರ್ಧ ಸೆಕೆಂಡ್‌ಗೆ ಇಳಿಸಿದೆ. ಆಪರೇಟರಿಗೆ ಫ್ಯಾನ್ ಏರಿಸೋಕೆ ಹೇಳಿ ಇಬ್ಬರೂ ಸ್ಕ್ರೀನ್ ನೋಡ್ತಾ ನಿಂತೆವು. ಕೆಂಪು ಪೂರ್ತಿ ಹೋಗಲಿಲ್ಲ, ಆಗೊಮ್ಮೆ ಈಗೊಮ್ಮೆ ಸಿಆರ್‌ಸಿ ತಪ್ಪು ಬರ್ತಾನೇ ಇತ್ತು, ಆದರೆ ಎರಡನೇ ಸಲ ಕೇಳಿದಾಗ ಸರಿಯಾದ ಉತ್ತರ ಸಿಗ್ತಿತ್ತು. ಕೇಬಲ್ ಬೇರೆ ಟ್ರೇಗೆ ಹಾಕೋಕೆ ಹಂಗಾಮು ಮುಗಿಯಬೇಕು. ಪ್ಯಾನಲ್ ಬಾಗಿಲಿನ ಒಳಗೆ "ಫ್ಲೋ ಮೀಟರ್ ಡಿಪ್ ಆಫ್ ಇರಲಿ, ಮುಟ್ಟಬೇಡಿ" ಅಂತ ಮಾರ್ಕರಿನಲ್ಲಿ ಬರೆದೆ. ಅದರ ಕೆಳಗೆ ಆಪರೇಟರ್ ತಾನೂ ಒಂದು ಸಾಲು ಸೇರಿಸಿದ: "ಫ್ಯಾನ್ ಬಗ್ಗೆ ನನ್ನ ಕೇಳ್ರಿ."