ರೇಸ್ ಇಳಿಯದ ಎಸ್ಟೀಮ್, ನಿಜ ಹೇಳುತ್ತಿದ್ದ ಸೆನ್ಸರ್

ಚಿತ್ರದುರ್ಗದಿಂದ ಹೈವೇಯಲ್ಲಿ ಅರವತ್ತು ಕಿಲೋಮೀಟರ್ ಓಡಿ ದಾವಣಗೆರೆಗೆ ಇಳಿದರೆ ಮೊದಲ ಸಿಗ್ನಲ್ಲಿನಲ್ಲೇ, ಪೆಡಲ್ ಬಿಟ್ಟು ನಿಂತರೂ, ರೇಸ್ (ಎಂಜಿನ್ ತಿರುಗುವ ವೇಗ) 1400 ಆರ್‌ಪಿಎಂ. ಅದೇ ಗಾಡಿ ನಮ್ಮ ರಿಪೇರಿ ಶೆಡ್ಡಿನ ಮುಂದೆ ಇಪ್ಪತ್ತು ನಿಮಿಷ ಚಾಲೂ ಇದ್ದರೆ ಇರಬೇಕಾದ 850ಕ್ಕೆ ಬಂದು ತೆಪ್ಪಗೆ ನಿಲ್ಲುತ್ತಿತ್ತು. ಹಳೆ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್ನಿನ) ಮಾರುತಿ ಎಸ್ಟೀಮ್ ಕಾರು. ಮೂರನೇ ಸಲ ಬಂದಾಗ ಓನರ್ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಅಲ್ರೀ, ಏನಾಗಿದೆ ಅಂತ ನೋಡಿ ಸಾಮಾನು ಹಾಕ್ತೀರೋ, ಹಾಕಿ ನೋಡ್ತೀರೋ?"

ಹಾಕಿಯೇ ನೋಡುತ್ತಿದ್ದೆವು.

ಮೊದಲ ಸಲ ಮಾಡಿದ್ದು ತಪ್ಪಲ್ಲ. ರೇಸ್ ಏರಿದೆ ಅಂದರೆ ಎಂಜಿನ್ನಿಗೆ ಎಲ್ಲಿಂದಲೋ ಹೆಚ್ಚು ಗಾಳಿ ಹೋಗುತ್ತಿದೆ ಎಂದೇ ಅರ್ಥ. ಪೆಡಲ್ ಬಿಟ್ಟಾಗ ಗಾಳಿಗಿರುವ ದಾರಿ ಮೂರು: ಪೂರ್ತಿ ಮುಚ್ಚದ ಥ್ರಾಟಲ್ ಪ್ಲೇಟ್ (ಪೆಡಲ್ ಒತ್ತಿದಾಗ ತೆರೆಯುವ ಗಾಳಿ ಮುಚ್ಚಳ), ಐಡಲ್ ವಾಲ್ (ಪ್ಲೇಟ್ ಮುಚ್ಚಿದಾಗ ಪಕ್ಕದಿಂದ ಗಾಳಿ ಬಿಡುವ ವಾಲ್), ಇಲ್ಲವೇ ಪ್ಲೇಟಿನ ಆಚೆಗೆ ಎಲ್ಲೋ ಒಂದು ಲೀಕ್. ಮೊದಲು ಆಕ್ಸಿಲರೇಟರ್ ಕೇಬಲ್ ನೋಡಿ, ಬೆರಳಿಗೆ ಸ್ವಲ್ಪವಾದರೂ ಆಡಬೇಕು. ಪೆಡಲ್ ಕೆಳಗೆ ಮ್ಯಾಟ್ ಸಿಕ್ಕಿಕೊಂಡಿರುವ ಗಾಡಿಗಳೂ ಬರುತ್ತವೆ. ಆಮೇಲೆ ಏರ್ ಹೋಸ್ ಬಿಚ್ಚಿ, ಎಂಜಿನ್ ಚಾಲೂ ಇರುವಾಗಲೇ ಥ್ರಾಟಲ್ ಬಾಡಿಯೊಳಗಿನ ಐಡಲ್ ವಾಲಿನ ತೂತನ್ನು ಬೆರಳಿಂದ ಮುಚ್ಚಿ. ರೇಸ್ ಬಿದ್ದುಹೋದರೆ ಗಾಳಿ ಆ ವಾಲಿನಿಂದಲೇ ಬರುತ್ತಿದೆ. ಬೀಳದಿದ್ದರೆ ಬ್ರೇಕ್ ಬೂಸ್ಟರಿನ ಹೋಸ್, ಎಂಜಿನ್ನಿನೊಳಗಿನ ಹೊಗೆ ಎಳೆಯುವ ಪಿಸಿವಿ ಹೋಸ್‌ಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಹಿಸುಕಿ ನೋಡಿ. ಎಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಪ್ಯಾಕಿಂಗಿಗೆ ಕಾರ್ಬ್ ಕ್ಲೀನರ್ ಹೊಡೆದು ಶಬ್ದ ಬದಲಾಗುತ್ತದೋ ಎಂದು ಕೇಳಿ. ಸೈಲೆನ್ಸರ್ ಕಡೆ ಕಾದಿದ್ದರೆ ಅಲ್ಲಿ ಹೊಡೆಯಬೇಡಿ, ಬೆಂಕಿ ಹತ್ತುತ್ತದೆ. ಮ್ಯಾನಿಫೋಲ್ಡಿನ ಗಾಳಿ ಸೆಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕುವವರಿಗೆ ಒಂದು ಮಾತು: ಪುಸ್ತಕದಲ್ಲಿರುವ 17ರಿಂದ 21 ಇಂಚು (ಪಾದರಸದ ಅಳತೆ) ಸಮುದ್ರಮಟ್ಟದ ಲೆಕ್ಕ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ಎರಡು ಇಂಚು ಕಡಿಮೆಯೇ ತೋರಿಸುತ್ತದೆ. ಅದನ್ನೇ ಲೀಕ್ ಅಂದುಕೊಂಡು ಮ್ಯಾನಿಫೋಲ್ಡ್ ಇಳಿಸಬೇಡಿ.

ಥ್ರಾಟಲ್ ಸ್ಟಾಪ್ ಸ್ಕ್ರೂ ಮಾತ್ರ ಮುಟ್ಟಬೇಡಿ. ಕಂಪನಿಯಲ್ಲೇ ಸೆಟ್ ಮಾಡಿ ಕಳಿಸಿರುತ್ತಾರೆ. ಅದನ್ನು ತಿರುಗಿಸಿದರೆ ಥ್ರಾಟಲ್ ಸೆನ್ಸರಿನ ಲೆಕ್ಕ ತಪ್ಪಿ ಹಳೆ ತೊಂದರೆಯ ಮೇಲೆ ಹೊಸದೊಂದು ಕೂರುತ್ತದೆ.

ಈ ಗಾಡಿಯಲ್ಲಿ ಬೆರಳಿಟ್ಟ ಕೂಡಲೇ ರೇಸ್ ಬಿತ್ತು. ವಾಲ್ ಬಿಚ್ಚಿದರೆ ಕಾರ್ಬನ್ ಇತ್ತು. ತೊಳೆದು ಕಳಿಸಿದೆವು. ಆದರೆ ವಾಲ್ ಜಾಮ್ ಆಗಿ ತೆರೆದಿತ್ತೋ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಬೇಕೆಂದೇ ತೆರೆದಿಟ್ಟಿತ್ತೋ ಎಂದು ನಾವು ಕೇಳಿಕೊಳ್ಳಲೇ ಇಲ್ಲ.

ಎರಡನೇ ಸಲ, ಎಂಜಿನ್ ತಂಪಿಡುವ ನೀರಿನ ಬಿಸಿ ಅಳೆಯುವ ಕೂಲೆಂಟ್ ಟೆಂಪರೇಚರ್ ಸೆನ್ಸರ್ ಮೇಲೆ ಕಣ್ಣು ಬಿತ್ತು. ಎಂಜಿನ್ ತಣ್ಣಗಿದೆ ಎಂದು ಸೆನ್ಸರ್ ಹೇಳಿದರೆ ಇಸಿಯು ರೇಸ್ ಏರಿಸಿ, ಪೆಟ್ರೋಲೂ ಹೆಚ್ಚು ಬಿಡುತ್ತದೆ. ಇಂಥ ಸೆನ್ಸರ್ 20 ಡಿಗ್ರಿಯಲ್ಲಿ ಎರಡೂವರೆ ಕಿಲೋ ಓಮ್ ಆಸುಪಾಸು, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸಬೇಕು. ಹೈವೇಯಿಂದ ಬಂದ ಗಾಡಿಯಲ್ಲಿ 600 ಓಮ್ ದಾಟಿತ್ತು, ಅಂದರೆ ಎಂಜಿನ್ ಇನ್ನೂ ಕಾದಿಲ್ಲ ಎಂಬ ಲೆಕ್ಕ. ಕಪ್ಲರ್ ಕಿತ್ತು, ಎಂಜಿನ್ ಕಾದಿದೆ ಎಂದು ಇಸಿಯುಗೆ ತೋರಿಸಲು ಅದರ ಎರಡು ಪಿನ್ನಿಗೆ 330 ಓಮಿನ ರೆಸಿಸ್ಟರ್ ಚುಚ್ಚಿದೆವು, ರೇಸ್ 850ಕ್ಕೆ ಇಳಿಯಿತು. ಇಲ್ಲೇ ನಾವು ಮೋಸ ಹೋದದ್ದು. ತೊಂದರೆ ಟೆಂಪರೇಚರ್ ಕಡೆ ಇದೆ ಎಂದಷ್ಟೇ ರೆಸಿಸ್ಟರ್ ಹೇಳುತ್ತದೆ. ಸೆನ್ಸರ್ ಸುಳ್ಳು ಹೇಳುತ್ತಿದೆಯೋ, ಎಂಜಿನ್ನೇ ತಣ್ಣಗಿದೆಯೋ ಎಂದು ಅದು ಹೇಳಲಾರದು. ಸರಿಯಾಗಿದ್ದ ಸೆನ್ಸರನ್ನೇ ಬದಲಿಸಿದೆವು. ಶೆಡ್ಡಿಗೆ ದುಬಾರಿ ಸ್ಕ್ಯಾನರ್ ಬಂದಿದೆ, ಎಸ್ಟೀಮ್ ಕಾಲದ ಹಳೆ ಗಾಡಿಗಳಿಗೆ ಅದು ಕನೆಕ್ಟ್ ಆಗುವುದಿಲ್ಲ. ಹೊರಗಿಂದಲೇ ಬಿಸಿ ಅಳೆಯುವ ಸಣ್ಣ ಗನ್ ಒಂದನ್ನು ಕೊಡಿಸಿ ಎಂದರೆ ಮ್ಯಾನೇಜರಿಗೆ ಅದು ದಂಡದ ಖರ್ಚು.

ಮೂರನೇ ಸಲ ಗಾಡಿಯನ್ನು ರಾತ್ರಿ ಇಲ್ಲೇ ನಿಲ್ಲಿಸಿಕೊಂಡೆವು. ಬೆಳಿಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಹಿಡಿದು ನಿಂತೆವು. ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್) ಇದ್ದರೆ ಆ ಹೋಸ್ ಐದಾರು ನಿಮಿಷವಾದರೂ ತಣ್ಣಗಿದ್ದು, ವಾಲ್ ತೆರೆದ ಕೂಡಲೇ ಒಮ್ಮೆಲೇ ಕೈ ಸುಡುತ್ತದೆ. ಇಲ್ಲಿ ಒಂದೂವರೆ ನಿಮಿಷಕ್ಕೇ ಉಗುರುಬೆಚ್ಚಗಾಗಿ, ನಿಧಾನಕ್ಕೆ ಏರುತ್ತಾ ಹೋಯಿತು. ಹೌಸಿಂಗ್ ಬಿಚ್ಚಿದರೆ ಒಳಗೆ ಥರ್ಮೋಸ್ಟಾಟೇ ಇಲ್ಲ. "ನಮ್ಮದು ಬಿಸಿಲೂರು, ಇದ್ಯಾಕೆ" ಎಂದು ಹಿಂದೆ ಯಾರೋ ಕಿತ್ತು ಎಸೆದಿದ್ದರು. ಹೈವೇಯ ಗಾಳಿಗೆ ಎಂಜಿನ್ ಕಾಯುತ್ತಲೇ ಇರಲಿಲ್ಲ. ಹೆಚ್ಚು ಪೆಟ್ರೋಲ್ ಕುಡಿದು ಪ್ಲಗ್‌ಗಳು ಮಸಿ ಹಿಡಿದಿದ್ದವು, ಆಯಿಲ್ ನೋಡುವ ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ.

ಹೊಸ ಥರ್ಮೋಸ್ಟಾಟ್ ತಂದು, ನೀರಿನ ಪಾತ್ರೆಯಲ್ಲಿ ತಳ ಮುಟ್ಟದಂತೆ ದಾರಕ್ಕೆ ಕಟ್ಟಿ ಕಾಯಿಸಿ, ಮೈಮೇಲೆ ಕೊರೆದ ಡಿಗ್ರಿಗೇ ತೆರೆಯುತ್ತದೆಂದು ನೋಡಿ ಹಾಕಿದೆವು. ಗಾಳಿ ಬಿಡುವ ಸಣ್ಣ ಪಿನ್ ಮೇಲಕ್ಕಿರಬೇಕು. ಕೂಲೆಂಟಿಗೆ ಡಿಸ್ಟಿಲ್ಡ್ ವಾಟರ್, ಅರ್ಧಕ್ಕರ್ಧ. ನಮ್ಮ ಬೋರ್‌ವೆಲ್ ನೀರು ಹಾಕಿದರೆ ಸೆನ್ಸರಿನ ತುದಿಗೂ ಬಿಳಿ ಗಟ್ಟಿ ಕಟ್ಟುತ್ತದೆ.

ಚಾಲೂ ಮಾಡಿದೆವು. ರೇಸ್ ಮೆಟ್ಟಿಲಿಳಿದ ಹಾಗೆ 1500, 1200, 950, 850. ಓನರ್ ಮುಖ ಅರಳಿತು. ಟೆಂಪರೇಚರ್ ಮುಳ್ಳು ಅರ್ಧಕ್ಕೆ ಬಂತು. ಅರ್ಧ ದಾಟಿತು. ಫ್ಯಾನ್ ತಿರುಗಲಿಲ್ಲ. ಈಗ ತಿರುಗೀತು, ಈಗ ತಿರುಗೀತು ಎಂದು ಎಲ್ಲರೂ ರೇಡಿಯೇಟರನ್ನೇ ನೋಡುತ್ತಿದ್ದೆವು. ಮುಳ್ಳು ಮುಕ್ಕಾಲು ಮುಟ್ಟಿದಾಗ ಕೀ ತಿರುಗಿಸಿ ಆಫ್ ಮಾಡಿದೆ. ಇನ್ನೆರಡು ನಿಮಿಷ ಬಿಟ್ಟಿದ್ದರೆ ಎಂಜಿನ್ನಿನ ಹೆಡ್ ಪ್ಯಾಕಿಂಗ್ ಸುಟ್ಟು ಅದರ ಖರ್ಚು ನಮ್ಮ ತಲೆಗೆ ಬರುತ್ತಿತ್ತು.

ಥರ್ಮೋಸ್ಟಾಟ್ ಕಿತ್ತ ಗಾಡಿ ಎಂದರೆ ಅದಕ್ಕೆ ಮುಂಚೆ ಅದು ಬಿಸಿಯಾಗುತ್ತಿತ್ತು ಎಂದು ಲೆಕ್ಕ. ಆ ಕಾರಣ ಹುಡುಕದೆ ಹೊಸದು ಹಾಕಿದ್ದು ಆ ದಿನದ ದೊಡ್ಡ ತಪ್ಪು, ಮತ್ತು ಅದು ನನ್ನದು. ಫ್ಯಾನ್ ಮೋಟರಿಗೆ ಬ್ಯಾಟರಿಯಿಂದ ನೇರ ಕೊಟ್ಟರೆ ಜೋರಾಗಿ ತಿರುಗಿತು. ಸುಟ್ಟಿದ್ದು ಅದಕ್ಕೆ ಕರೆಂಟ್ ಕೊಡುವ ಸ್ವಿಚ್ಚು, ರಿಲೇ. ಎಸಿ ಹಾಕಿದಾಗ ಶಬ್ದ ಮಾಡುತ್ತಿದ್ದದ್ದು ಪಕ್ಕದ ಕಂಡೆನ್ಸರ್ ಫ್ಯಾನ್, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಶೆಡ್ಡಿನ ಮುಂದೆ ನಿಂತಾಗ ಮಾತ್ರ ರೇಸ್ ಸರಿಹೋಗುತ್ತಿದ್ದದ್ದೂ ಇದರಿಂದಲೇ. ಹೈವೇ ಗಾಳಿಯೂ ಇಲ್ಲ, ಫ್ಯಾನೂ ಇಲ್ಲ, ಎಂಜಿನ್ ತಾನಾಗಿ ಕಾಯುತ್ತಿತ್ತು.

ರಿಲೇ ಬದಲಿಸಿ, ಫ್ಯಾನ್ ಎರಡು ಸಲ ತಾನಾಗಿ ಹತ್ತಿ ಆರುವವರೆಗೆ ಗಾಡಿ ಬಿಡಲಿಲ್ಲ. ಸೆನ್ಸರಿನ ದುಡ್ಡು ಬಿಲ್ಲಿನಿಂದ ತೆಗೆಸಿದೆ. ಹಳೆ ಸೆನ್ಸರ್ ಅಳೆದು ನೋಡಿ ಡಬ್ಬಿಯಲ್ಲಿಟ್ಟಿದ್ದೇವೆ, ಕುದಿವ ನೀರಲ್ಲೂ ತಣ್ಣೀರಲ್ಲೂ ಸರಿಯಾಗೇ ತೋರಿಸುತ್ತದೆ.